ಮದ್ರಾಸಿನಿಂದ ಪತ್ತೆಯಾದ 87 ಸಿಲ್ವಿಯಾ: ಯಾರೂ ಹೋಗದ ಕ್ಷುದ್ರಗ್ರಹದ ಒಡಲಿನಲ್ಲಿ ಏನಿದೆ ಎಂದು ತಿಳಿದದ್ದು ಹೇಗೆ?

ಕರ್ವೆ ರಸ್ತೆ ಕನ್ನಡಿಗ (ಪುಣೆ) – ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಪುಣೆಯ ನಮ್ಮ ಕನ್ನಡ ಬಳಗದ ಮಕ್ಕಳಿಗೆ ಕ್ಷುದ್ರಗ್ರಹಗಳ ಬಗ್ಗೆ ಒಂದು ಗಂಟೆ ಮಾತನಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಂಟು, ಒಂಬತ್ತನೇ ತರಗತಿಯ ಮಕ್ಕಳು. ಅವರಲ್ಲಿ ಕೆಲವರು ದೂರದರ್ಶಕದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದಿಟ್ಟು ಚಲಿಸುವ ಚುಕ್ಕೆಗಳನ್ನು ಹುಡುಕುವ ಶಾಲಾ ಅಭಿಯಾನಗಳಲ್ಲಿ ಪಾಲ್ಗೊಂಡವರಾದ್ದರಿಂದ, ಮಂಗಳ ಮತ್ತು ಗುರು ಗ್ರಹಗಳ ನಡುವೆ ಕಲ್ಲುಬಂಡೆಗಳು ಸುತ್ತುತ್ತಿವೆ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಸೀರೀಸ್ ಮತ್ತು ವೆಸ್ಟಾಗಳ ಕತೆ ಅವರಿಗೆ ಬಾಯಿಪಾಠವಾಗಿದೆ. ಹಾಗಾಗಿ ನಮ್ಮ ನೆಲದಿಂದಲೇ ಪತ್ತೆಯಾದ ಒಂದು ಕ್ಷುದ್ರಗ್ರಹವನ್ನು ಹಿಡಿದು ಅದರ ಬಗ್ಗೆಯೇ ಪೂರ್ತಿ ಮಾತನಾಡೋಣವೆಂದುಕೊಂಡು, 1866ರ ಮೇ 16ರಂದು ಮದ್ರಾಸ್ ವೀಕ್ಷಣಾಲಯದಿಂದ ಎನ್.ಆರ್. ಪೋಗ್ಸನ್ ಕಂಡುಹಿಡಿದ 87 ಸಿಲ್ವಿಯಾವನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ರೋಮ್ಯುಲಸ್ ಮತ್ತು ರೀಮಸ್ ಎಂಬ ಎರಡು ಪುಟ್ಟ ಉಪಗ್ರಹಗಳಿರುವುದು ಮಕ್ಕಳಿಗೆ ಇಷ್ಟವಾಗುತ್ತದೆ ಎಂಬ ಲೆಕ್ಕವೂ ಇದೆ.

ಓದುತ್ತ ಹೋದಂತೆ ಎರಡು ಕಡೆ ಸಿಕ್ಕಿಕೊಂಡಿದ್ದೇನೆ. ಮೊದಲನೆಯದು, ಛಾಯಾಚಿತ್ರವಿಲ್ಲದ ಕಾಲದಲ್ಲಿ, ಕಣ್ಣಿಗೆ ನಕ್ಷತ್ರದಂತೆಯೇ ಕಾಣುವ ಒಂದು ಮಂದ ಚುಕ್ಕೆ ನಕ್ಷತ್ರವಲ್ಲ ಎಂದು ಒಬ್ಬ ಮನುಷ್ಯ ಗುರುತಿಸಿದ್ದು ಹೇಗೆ? ಎರಡನೆಯದು ಇನ್ನೂ ಗಹನವಾದದ್ದು. ಸಿಲ್ವಿಯಾದ ಬಳಿಗೆ ಇವತ್ತಿನವರೆಗೆ ಯಾವ ನೌಕೆಯೂ ಹೋಗಿಲ್ಲ. ಆದರೂ ಅದರ ಸಾಂದ್ರತೆ ಇಷ್ಟು, ಒಳಗೆ ಟೊಳ್ಳು ಜಾಗಗಳಿವೆ ಎಂದೆಲ್ಲ ಬರೆಯುತ್ತಾರೆ. ಒಂದು ಕಡೆ ಪ್ರತಿ ಘನ ಸೆಂಟಿಮೀಟರಿಗೆ 1.2 ಗ್ರಾಂ ಎಂದಿದೆ, ಇನ್ನೊಂದು ಕಡೆ 1.4 ಗ್ರಾಂ ಎಂದಿದೆ. ಇವುಗಳಲ್ಲಿ ಯಾವುದನ್ನು ಹೇಳಬೇಕು, ಮತ್ತು ಅದನ್ನು ಅಳೆದದ್ದಾದರೂ ಹೇಗೆ ಎಂದು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ. ಕಡೆಯದಾಗಿ ಒಂದು ಚಿಕ್ಕ ಪ್ರಶ್ನೆ: ಪುಣೆಯಿಂದ ಅದನ್ನು ಮಕ್ಕಳಿಗೆ ತೋರಿಸಲು ಸಾಧ್ಯವೆ?

ಮಾಟುಂಗಾ ಮೇಷ್ಟ್ರು (ಮುಂಬೈ) – ಉತ್ತರ

ನಿಮ್ಮ ಮೊದಲ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಪೋಗ್ಸನ್ ವಿಷಯ ಬಂದರೆ ನನಗೆ ಉತ್ಸಾಹ ಸ್ವಲ್ಪ ಹೆಚ್ಚು, ಉತ್ತರ ಉದ್ದವಾದರೆ ಸಹಿಸಿಕೊಳ್ಳಬೇಕು.

ನಾರ್ಮನ್ ರಾಬರ್ಟ್ ಪೋಗ್ಸನ್ ಹುಟ್ಟಿದ್ದು 1829ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಭಾರತಕ್ಕೆ ಬರುವ ಮೊದಲೇ ಆಕ್ಸ್‌ಫರ್ಡಿನಲ್ಲಿ ಕೆಲಸ ಮಾಡುತ್ತ 42 ಐಸಿಸ್, 43 ಅರಿಯಾಡ್ನೆ ಮತ್ತು 46 ಹೆಸ್ಟಿಯಾಗಳನ್ನು ಕಂಡುಹಿಡಿದಿದ್ದರು. ನಕ್ಷತ್ರಗಳ ಕಾಂತಿಮಾನದಲ್ಲಿ ಐದು ಮೆಟ್ಟಿಲುಗಳ ವ್ಯತ್ಯಾಸವೆಂದರೆ ಬೆಳಕಿನಲ್ಲಿ ಸರಿಯಾಗಿ ನೂರು ಪಟ್ಟು ವ್ಯತ್ಯಾಸ ಎಂಬ, ಇಂದಿಗೂ ಜಗತ್ತೆಲ್ಲ ಬಳಸುವ ಅಳತೆಯನ್ನು 1856ರಲ್ಲಿ ಸೂಚಿಸಿದವರೂ ಅವರೇ. 1861ರ ಆರಂಭದಲ್ಲಿ ಮದ್ರಾಸಿಗೆ ಸರ್ಕಾರಿ ಖಗೋಳಜ್ಞರಾಗಿ ಬಂದು, ಅದೇ ವರ್ಷದ ಏಪ್ರಿಲ್ 17ರಂದು ಒಂದು ಕ್ಷುದ್ರಗ್ರಹವನ್ನು ಹಿಡಿದರು. ಈ ಖಂಡದಿಂದ ಪತ್ತೆಯಾದ ಮೊದಲನೆಯದಾದ್ದರಿಂದ ಅದು 67 ಏಷ್ಯಾ ಆಯಿತು. ಆಮೇಲೆ 1864ರಲ್ಲಿ 80 ಸ್ಯಾಫೋ, 1866ರಲ್ಲಿ ನಿಮ್ಮ ಸಿಲ್ವಿಯಾ, 1868ರಲ್ಲಿ 107 ಕಮಿಲ್ಲಾ ಮತ್ತು ತುಂಬ ತಡವಾಗಿ 1885ರಲ್ಲಿ 245 ವೆರಾ ಬಂದವು. ಆಮೇಲೆ ಭಾರತದ ನೆಲದಿಂದ ಹೊಸ ಕ್ಷುದ್ರಗ್ರಹ ಸಿಕ್ಕಿದ್ದು 1988ರ ಫೆಬ್ರುವರಿಯಲ್ಲಿ, ತಮಿಳುನಾಡಿನ ಕಾವಲೂರಿನಿಂದ ಆರ್. ರಾಜಮೋಹನ್ ಅವರಿಗೆ. ಅದು 4130 ರಾಮಾನುಜನ್.

ಈಗ ವಿಧಾನದ ಮಾತು. ಕ್ಷುದ್ರಗ್ರಹಗಳು ಬಹುಪಾಲು ಕ್ರಾಂತಿವೃತ್ತದ ಆಸುಪಾಸಿನಲ್ಲೇ, ಅಂದರೆ ಸೂರ್ಯ ಮತ್ತು ಗ್ರಹಗಳು ಸಾಗುವ ದಾರಿಯ ಅಕ್ಕಪಕ್ಕದಲ್ಲೇ ಇರುತ್ತವೆ. ಆ ಪಟ್ಟಿಯ ನಕ್ಷತ್ರಗಳನ್ನೆಲ್ಲ ಗುರುತಿಸಿದ ನಕ್ಷೆಗಳು ಆಗ ತಯಾರಾಗುತ್ತಿದ್ದವು. ವೀಕ್ಷಕನು ದೂರದರ್ಶಕವನ್ನು ಆಕಾಶದ ಒಂದು ತುಣುಕಿನತ್ತ ತಿರುಗಿಸಿ, ಮಬ್ಬು ದೀಪದ ಬೆಳಕಿನಲ್ಲಿ ನಕ್ಷೆಯನ್ನು ನೋಡುತ್ತ, ನಕ್ಷೆಯ ಚುಕ್ಕೆಯನ್ನೂ ಆಕಾಶದ ಚುಕ್ಕೆಯನ್ನೂ ಒಂದೊಂದಾಗಿ ತಾಳೆ ಹಾಕಬೇಕು. ನಕ್ಷೆಯಲ್ಲಿಲ್ಲದ ಒಂದು ಚುಕ್ಕೆ ಕಂಡರೆ ಸಂದೇಹಕ್ಕೆ ಎಡೆಯಾಯಿತು ಅಷ್ಟೇ, ಶೋಧವಾಗಲಿಲ್ಲ. ಏಕೆಂದರೆ ನಕ್ಷೆ ಬರೆದವನು ಅದನ್ನು ಬಿಟ್ಟಿರಬಹುದು, ಅಥವಾ ಅದು ಆಗಾಗ ಮಂಕಾಗಿ ಮತ್ತೆ ಬೆಳಗುವ ಚಂಚಲ ನಕ್ಷತ್ರವಾಗಿರಬಹುದು. ಅಕ್ಕಪಕ್ಕದ ನಕ್ಷತ್ರಗಳಿಂದ ಅದರ ದೂರವನ್ನು ಸೂಕ್ಷ್ಮಮಾಪಕದಿಂದ ಅಳೆದು ಬರೆದಿಟ್ಟು, ಒಂದೆರಡು ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ಸಿಲ್ವಿಯಾದಷ್ಟು ದೂರದ ಕ್ಷುದ್ರಗ್ರಹವು ಸೂರ್ಯನಿಗೆ ಎದುರು ದಿಕ್ಕಿನಲ್ಲಿರುವಾಗ ಒಂದು ದಿನಕ್ಕೆ ಹುಣ್ಣಿಮೆ ಚಂದ್ರನ ಅಗಲದ ಸುಮಾರು ಮೂರನೇ ಒಂದು ಪಾಲಿನಷ್ಟು ಮಾತ್ರ ಸರಿಯುತ್ತದೆ, ಗಂಟೆಗೆ ಅರ್ಧ ಆರ್ಕ್‌ಮಿನಿಟಿಗಿಂತಲೂ (ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು) ಕಡಿಮೆ. ಅಷ್ಟನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ, ಆದರೆ ಅಳತೆಯಲ್ಲಿ ಹಿಡಿಯಬಹುದು. ಮರುರಾತ್ರಿ ನೋಡಿದಾಗ ಚುಕ್ಕೆ ಹಳೆಯ ಜಾಗದಲ್ಲಿಲ್ಲದೆ, ಅದೇ ಜಾಡಿನಲ್ಲಿ ಮುಂದೆ ಕಂಡರೆ ಸಂದೇಹ ತೀರಿತು.

ಇಲ್ಲಿ ಪೋಗ್ಸನ್ ಅವರ ನಿಜವಾದ ಬಂಡವಾಳ ಚಂಚಲ ನಕ್ಷತ್ರಗಳ ಅಧ್ಯಯನವಾಗಿತ್ತು ಎಂಬುದು ನನ್ನ ಅಭಿಪ್ರಾಯ. ವರ್ಷಗಟ್ಟಲೆ ಮಂದ ನಕ್ಷತ್ರಗಳ ಬೆಳಕನ್ನು ಪರಸ್ಪರ ಹೋಲಿಸಿ ದಾಖಲಿಸಿದವನಿಗೆ ಆಕಾಶದ ಆ ಭಾಗದಲ್ಲಿ ಯಾರು ಮನೆಯವರು, ಯಾರು ಹೊಸಬರು ಎಂಬುದು ನಕ್ಷೆಯನ್ನು ಬಿಡಿಸುವ ಮೊದಲೇ ಹೊಳೆಯುತ್ತದೆ. ಮದ್ರಾಸಿನ ಸ್ಥಾನವೂ ನೆರವಾಗಿತ್ತು. ಹದಿಮೂರು ಡಿಗ್ರಿ ಅಕ್ಷಾಂಶದಲ್ಲಿ ಕ್ರಾಂತಿವೃತ್ತ ನೆತ್ತಿಯ ಸಮೀಪದಲ್ಲೇ ಹಾದುಹೋಗುತ್ತದೆ, ಮುಸ್ಸಂಜೆ ಬೇಗ ಕತ್ತಲಾಗುತ್ತದೆ. ಇಂಗ್ಲೆಂಡಿನಲ್ಲಿ ಮೇ, ಜೂನ್ ತಿಂಗಳ ರಾತ್ರಿಗಳು ಸರಿಯಾಗಿ ಕತ್ತಲಾಗುವುದೇ ಇಲ್ಲ, ಮೇಲಾಗಿ ಆಗ ಸೂರ್ಯನಿಗೆ ಎದುರಿರುವ ಕ್ರಾಂತಿವೃತ್ತದ ಭಾಗ ದಿಗಂತಕ್ಕೆ ಅಂಟಿಕೊಂಡಿರುತ್ತದೆ. ಏಷ್ಯಾ, ಸ್ಯಾಫೋ ಮತ್ತು ಸಿಲ್ವಿಯಾ ಮೂರೂ ಏಪ್ರಿಲ್ ಮಧ್ಯದಿಂದ ಮೇ ಮಧ್ಯದೊಳಗೆ ಸಿಕ್ಕಿರುವುದನ್ನು ಗಮನಿಸಿ.

ಮದ್ರಾಸಿನ ಸಹಾಯಕರನ್ನು ಮರೆಯಬೇಡಿ. ಅವರಲ್ಲಿ ಪ್ರಮುಖರಾದ ಚಿಂತಾಮಣಿ ರಘುನಾಥಾಚಾರ್ಯರು ಸಿಲ್ವಿಯಾ ಪತ್ತೆಯಾದ ಮರುವರ್ಷ, 1867ರಲ್ಲಿ, ಆರ್ ರೆಟಿಕ್ಯುಲೈ ಎಂಬ ನಕ್ಷತ್ರದ ಬೆಳಕು ಬದಲಾಗುವುದನ್ನು ಕಂಡುಹಿಡಿದರು. ಪಂಚಾಂಗವನ್ನು ಪ್ರತ್ಯಕ್ಷ ವೀಕ್ಷಣೆಗೆ ಹೊಂದಿಸಬೇಕೆಂದು ವಾದಿಸಿದವರೂ ಅವರು. ಆ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲಿಗೆ ಹೋಯಿತು, ಆ ಪರಂಪರೆಯ ಈಗಿನ ವಾರಸುದಾರ ಸಂಸ್ಥೆ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ವೀಕ್ಷಣಾಲಯ ಮೊದಲಿದ್ದ ಮದ್ರಾಸಿನ ನುಂಗಂಬಾಕ್ಕಂನಲ್ಲಿ ಈಗ ಉಳಿದಿರುವುದು ಹಲವು ಭಾಷೆಗಳ ಶಾಸನವಿರುವ ಗ್ರಾನೈಟ್ ಕಂಬ ಮತ್ತು ಹವಾಮಾನ ಇಲಾಖೆಯ ಕಚೇರಿ. ಪೋಗ್ಸನ್ 1891ರ ಜೂನಿನಲ್ಲಿ ಮದ್ರಾಸಿನಲ್ಲೇ ತೀರಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯ ಮ್ಯಾಕ್ಸ್ ವೋಲ್ಫ್ 323 ಬ್ರೂಸಿಯಾವನ್ನು ಛಾಯಾಚಿತ್ರದ ಮೂಲಕ ಕಂಡುಹಿಡಿದು, ಕಣ್ಣಿನಿಂದ ಹುಡುಕುವ ಯುಗಕ್ಕೆ ತೆರೆ ಎಳೆದರು.

ಪಣಜಿಯ ಓದುಗ (ಗೋವಾ) – ಉತ್ತರ

ಮೂರನೇ ಪ್ರಶ್ನೆಗೆ ನೇರ ಉತ್ತರ: ತೋರಿಸಬಹುದು, ಆದರೆ ಪುಣೆ ನಗರದೊಳಗಿನಿಂದಲ್ಲ. ಸಿಲ್ವಿಯಾ ಅನುಕೂಲ ಸ್ಥಿತಿಯಲ್ಲಿದ್ದಾಗಲೂ ಅದರ ಕಾಂತಿಮಾನ ಸುಮಾರು 12 (ಈ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಮಂದ). ಮೇಷ್ಟ್ರು ಹೇಳಿದ ಪೋಗ್ಸನ್ ಅಳತೆಯನ್ನೇ ಬಳಸಿದರೆ, ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿಗೆ ಕಾಣುವ ಅತಿ ಮಂದ ನಕ್ಷತ್ರಕ್ಕಿಂತ ಅದು ಸುಮಾರು 250 ಪಟ್ಟು ಮಂದ. ಎಂಟು ಅಂಗುಲದ ದೂರದರ್ಶಕ, ಊರ ದೀಪಗಳಿಲ್ಲದ ಜಾಗ ಮತ್ತು ಚಂದ್ರನಿಲ್ಲದ ರಾತ್ರಿ, ಇವು ಮೂರೂ ಕೂಡಿ ಬರಬೇಕು. ನಾವು ಇಲ್ಲಿ ಚೋರ್ಲಾ ಘಾಟಿನ ಕಡೆ ಹೋಗುತ್ತೇವೆ. ನಿಮಗೆ ವೇಲ್ಹೆ, ಭೋರ್ ದಿಕ್ಕು ಅನುಕೂಲವಾಗಬಹುದು. ಸುಮಾರು 14 ತಿಂಗಳಿಗೊಮ್ಮೆ ಅದು ಸೂರ್ಯನಿಗೆ ಎದುರು ಬರುತ್ತದೆ. ಅದು ಮಳೆಗಾಲದಲ್ಲಿ ಬಂದರೆ ಪಶ್ಚಿಮ ಘಟ್ಟದ ಈಚೆಯವರಾದ ನಾವು ಆ ಸರದಿಯನ್ನು ಬಿಟ್ಟಂತೆಯೇ.

ಕಣ್ಣಿಟ್ಟು ನೋಡಿದರೂ ಮಕ್ಕಳಿಗೆ ಕಾಣುವುದು ಒಂದು ಚುಕ್ಕೆ ಮಾತ್ರ ಎಂದು ಮೊದಲೇ ಹೇಳಿಬಿಡಿ, ಇಲ್ಲವಾದರೆ ನಿರಾಶೆಯಾಗುತ್ತದೆ. ಎರಡು ರಾತ್ರಿ ಆ ತುಣುಕಿನ ಚಿತ್ರ ಬರೆಸಿ, ಯಾವ ಚುಕ್ಕೆ ಸರಿಯಿತೆಂದು ಅವರೇ ಹುಡುಕಲಿ. ಪಣಜಿಯ ಸಾರ್ವಜನಿಕ ವೀಕ್ಷಣಾಲಯಕ್ಕೆ ಬರುವ ಮಕ್ಕಳನ್ನು ನೋಡಿ ಹೇಳುತ್ತಿದ್ದೇನೆ: ಶನಿಯ ಬಳೆ ನೋಡಿ ಹೌಹಾರಿದ ಮಗು ಐದು ನಿಮಿಷದಲ್ಲಿ ಮರೆಯುತ್ತದೆ, ತಾನೇ ಬರೆದ ಚುಕ್ಕೆ ಜಾಗ ಬದಲಿಸಿದ್ದನ್ನು ಮರೆಯುವುದಿಲ್ಲ.

ಔಂಧ್ ಅಭ್ಯಾಸಿ (ಪುಣೆ) – ಉತ್ತರ

ಸಾಂದ್ರತೆಯ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಉಪನ್ಯಾಸದ ತಿರುಳು ಇಲ್ಲೇ ಇದೆ ಎನ್ನುವುದು ನನ್ನ ಅನಿಸಿಕೆ.

ಮೊದಲು ಆ ಕ್ಷುದ್ರಗ್ರಹ ಎಲ್ಲಿದೆ ಎಂಬುದನ್ನು ನೋಡೋಣ. ಸಿಲ್ವಿಯಾ ಸೂರ್ಯನಿಂದ ಸರಾಸರಿ 3.48 ಖಗೋಳ ಮಾನ (ಒಂದು ಖಗೋಳ ಮಾನವೆಂದರೆ ಭೂಮಿಗೂ ಸೂರ್ಯನಿಗೂ ಇರುವ ಸರಾಸರಿ ದೂರ), ಅಂದರೆ ಸುಮಾರು 52 ಕೋಟಿ ಕಿಲೋಮೀಟರ್ ದೂರದಲ್ಲಿ, ಆರೂವರೆ ವರ್ಷಕ್ಕೆ ಒಂದು ಸುತ್ತು ಹಾಕುತ್ತದೆ. ಮುಖ್ಯ ಪಟ್ಟಿಯಲ್ಲಿ 3.27 ಖಗೋಳ ಮಾನದ ಬಳಿ ಒಂದು ಖಾಲಿ ಜಾಗವಿದೆ. ಅಲ್ಲಿರುವ ಯಾವುದೇ ಕಾಯವು ಗುರು ಗ್ರಹ ಒಂದು ಸುತ್ತು ಮುಗಿಸುವಷ್ಟರಲ್ಲಿ ಸರಿಯಾಗಿ ಎರಡು ಸುತ್ತು ಮುಗಿಸುವುದರಿಂದ, ಗುರುವಿನ ಸೆಳೆತ ಪದೇ ಪದೇ ಒಂದೇ ರೀತಿಯಲ್ಲಿ ಬಿದ್ದು ಅದನ್ನು ಅಲ್ಲಿಂದ ಕದಲಿಸುತ್ತದೆ. ಡೇನಿಯಲ್ ಕಿರ್ಕ್‌ವುಡ್ ಇಂಥ ಖಾಲಿ ಜಾಗಗಳನ್ನು ಗಮನಕ್ಕೆ ತಂದದ್ದೂ 1866ರಲ್ಲೇ ಎಂಬುದು ಒಂದು ಸೊಗಸಾದ ಕಾಕತಾಳೀಯ. ಸಿಲ್ವಿಯಾ ಆ ಖಾಲಿ ಜಾಗಕ್ಕೂ ಆಚೆ, ಪಟ್ಟಿಯ ಹೊರ ಅಂಚಿನಲ್ಲಿ, ಸಿಬೆಲೆ ಗುಂಪು ಎಂದು ಕರೆಯುವ ವಿರಳ ನೆರೆಹೊರೆಯಲ್ಲಿದೆ. ಮೇಷ್ಟ್ರು ಹೇಳಿದ ಕಮಿಲ್ಲಾ ಕೂಡ ಅದೇ ಗುಂಪಿನದು. ಸಿಲ್ವಿಯಾದ ಮೇಲ್ಮೈ ಬಹಳ ಕಪ್ಪು, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕೈದು ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ಇಷ್ಟು ದೊಡ್ಡದಾಗಿದ್ದರೂ ಅದು ಅಷ್ಟು ಮಂದವಾಗಿ ಕಾಣುವುದಕ್ಕೆ ದೂರದ ಜೊತೆಗೆ ಇದೂ ಕಾರಣ. ಅದು 5 ಗಂಟೆ 11 ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನು ತಿರುಗುತ್ತದೆ. ಉದ್ದುದ್ದನೆಯ ಆಕಾರವಾದ್ದರಿಂದ ಒಂದು ತಿರುಗಿಗೆ ಬೆಳಕು ಎರಡು ಸಲ ಏರಿ ಇಳಿಯುತ್ತದೆ. ಇದನ್ನು ಉತ್ಸಾಹಿ ವಿದ್ಯಾರ್ಥಿಗಳು ಒಂದು ಸಾಧಾರಣ ಸಿಸಿಡಿ ಕ್ಯಾಮೆರಾದಿಂದಲೇ ಒಂದು ರಾತ್ರಿಯಲ್ಲಿ ಅಳೆಯಬಹುದು.

ಇಷ್ಟೆಲ್ಲ ತಿಳಿದ ಮೇಲೂ ಅದರ ತೂಕ ಮಾತ್ರ ತಿಳಿಯುವುದಿಲ್ಲ. ಒಂಟಿಯಾಗಿ ಸುತ್ತುವ ಕ್ಷುದ್ರಗ್ರಹದ ಕಕ್ಷೆಯು ಅದರ ದ್ರವ್ಯರಾಶಿಯ ಬಗ್ಗೆ ಏನನ್ನೂ ಬಿಟ್ಟುಕೊಡುವುದಿಲ್ಲ. ಹಗುರವಾದರೂ ಭಾರವಾದರೂ ಸೂರ್ಯನ ಸುತ್ತ ಅದೇ ದಾರಿ, ಅದೇ ವೇಗ. ತೂಕ ತಿಳಿಯಬೇಕಾದರೆ ಅದರ ಸೆಳೆತಕ್ಕೆ ಸಿಕ್ಕ ಇನ್ನೊಂದು ಕಾಯ ಬೇಕು. ಪೋಗ್ಸನ್ ಕಂಡ 135 ವರ್ಷಗಳ ಬಳಿಕ, 2001ರ ಫೆಬ್ರುವರಿಯಲ್ಲಿ, ಮೈಕೆಲ್ ಬ್ರೌನ್ ಮತ್ತು ಜಾನ್-ಲೂಕ್ ಮಾರ್ಗೋ ಹವಾಯಿಯ ಕೆಕ್ ದೂರದರ್ಶಕದಲ್ಲಿ ಅಂಥದೊಂದನ್ನು ಕಂಡರು. 2004ರಲ್ಲಿ ಫ್ರಾಂಕ್ ಮಾರ್ಶಿಸ್ ಮತ್ತು ಸಂಗಡಿಗರು ಚಿಲಿಯಲ್ಲಿರುವ ಯುರೋಪಿನ ಬೃಹತ್ ದೂರದರ್ಶಕದಿಂದ ತೆಗೆದ ಚಿತ್ರಗಳಲ್ಲಿ ಎರಡನೆಯದು ಸಿಕ್ಕಿತು. 2005ರಲ್ಲಿ ಅದನ್ನು ಪ್ರಕಟಿಸಿದಾಗ ಸಿಲ್ವಿಯಾ ಎರಡು ಉಪಗ್ರಹಗಳಿರುವ ಮೊದಲ ಕ್ಷುದ್ರಗ್ರಹವೆನಿಸಿತು. ರೋಮನ್ ಪುರಾಣದಲ್ಲಿ ರಿಯಾ ಸಿಲ್ವಿಯಾಳ ಅವಳಿ ಮಕ್ಕಳ ಹೆಸರನ್ನೇ ಅವುಗಳಿಗೆ ಇಟ್ಟರು.

ಇವು ಏಕೆ ಇಷ್ಟು ಕಾಲ ಸಿಗಲಿಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ದೊಡ್ಡ ಉಪಗ್ರಹವಾದ ರೋಮ್ಯುಲಸ್ ಸಿಲ್ವಿಯಾದಿಂದ ಸುಮಾರು 1,350 ಕಿಲೋಮೀಟರ್ ದೂರದಲ್ಲಿದೆ. ಭೂಮಿಯಿಂದ ನೋಡಿದಾಗ ಆ ದೂರ ಒಂದು ಆರ್ಕ್‌ಸೆಕೆಂಡಿಗಿಂತಲೂ, ಅಂದರೆ ಆರ್ಕ್‌ಮಿನಿಟಿನ ಅರವತ್ತನೇ ಒಂದು ಪಾಲಿಗಿಂತಲೂ, ಕಡಿಮೆ. ರೀಮಸ್ ಅದರ ಅರ್ಧದಷ್ಟು ದೂರದಲ್ಲಿದೆ. ನಮ್ಮ ವಾತಾವರಣದ ನಡುಕವೊಂದೇ ನಕ್ಷತ್ರದ ಬಿಂಬವನ್ನು ಒಂದು ಆರ್ಕ್‌ಸೆಕೆಂಡಿನಷ್ಟು ಹರಡಿಬಿಡುವುದರಿಂದ, ಉಪಗ್ರಹಗಳು ಸಿಲ್ವಿಯಾದ ಬೆಳಕಿನಲ್ಲೇ ಮುಳುಗಿ ಹೋಗುತ್ತವೆ. ಆ ನಡುಕವನ್ನು ಸೆಕೆಂಡಿಗೆ ನೂರಾರು ಬಾರಿ ಅಳೆದು, ಒಂದು ಬಾಗುವ ಕನ್ನಡಿಯಿಂದ ಅಷ್ಟೇ ವೇಗದಲ್ಲಿ ಸರಿಪಡಿಸುವ ಅಡಾಪ್ಟಿವ್ ಆಪ್ಟಿಕ್ಸ್ ತಂತ್ರ ದೊಡ್ಡ ದೂರದರ್ಶಕಗಳಿಗೆ ಬಂದ ಮೇಲಷ್ಟೇ ಅವು ಬೇರೆಯಾಗಿ ಕಂಡವು. ಪುಣೆಯ ಖಗೋಳ ಸಂಶೋಧನಾ ಕೇಂದ್ರವಾದ ಐಯುಕಾ ಗಿರವಲಿಯಲ್ಲಿ ನಡೆಸುವ ಎರಡು ಮೀಟರ್ ದೂರದರ್ಶಕ ನಮಗೆಲ್ಲ ಹೆಮ್ಮೆಯ ವಿಷಯ, ಆದರೆ ಇದು ಅದರ ಕೆಲಸವಲ್ಲ.

ಈಗ ಲೆಕ್ಕ. ಒಂಬತ್ತನೇ ತರಗತಿಯವರಿಗೆ ಇದನ್ನು ಹಲಗೆಯ ಮೇಲೆ ಮಾಡಿ ತೋರಿಸಬಹುದು. ರೋಮ್ಯುಲಸ್ ಸುಮಾರು 87.6 ಗಂಟೆಗೆ, ಅಂದರೆ 3,15,360 ಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ. ಕೆಪ್ಲರನ ಮೂರನೇ ನಿಯಮಕ್ಕೆ ನ್ಯೂಟನ್ ಕೊಟ್ಟ ರೂಪದ ಪ್ರಕಾರ, ದೂರದ ಘನವನ್ನು ಪೈ ವರ್ಗದ ನಾಲ್ಕು ಪಟ್ಟಿನಿಂದ ಗುಣಿಸಿ, ಬಂದದ್ದನ್ನು, ಗುರುತ್ವ ಸ್ಥಿರಾಂಕವನ್ನು ಅವಧಿಯ ವರ್ಗದಿಂದ ಗುಣಿಸಿದಾಗ ಬರುವ ಗುಣಲಬ್ಧದಿಂದ ಭಾಗಿಸಬೇಕು. 13,50,000 ಮೀಟರಿನ ಘನ ಎಂದರೆ 2.46ನ್ನು 10ರ 18ನೇ ಘಾತದಿಂದ ಗುಣಿಸಿದಷ್ಟು. ಉಳಿದದ್ದನ್ನು ತುಂಬಿದರೆ ಸಿಲ್ವಿಯಾದ ದ್ರವ್ಯರಾಶಿ 1.46ನ್ನು 10ರ 19ನೇ ಘಾತದಿಂದ ಗುಣಿಸಿದಷ್ಟು ಕಿಲೋಗ್ರಾಂ ಎಂದು ಬರುತ್ತದೆ. ನಮ್ಮ ಚಂದ್ರ ಇದಕ್ಕಿಂತ ಸುಮಾರು 5,000 ಪಟ್ಟು ಭಾರ.

ನಿಮ್ಮನ್ನು ಕಾಡಿದ ಎರಡು ಸಂಖ್ಯೆಗಳ ಗುಟ್ಟು ಈ ಭಾಗಾಕಾರದಲ್ಲಿಲ್ಲ, ಗಾತ್ರದಲ್ಲಿದೆ. ಸಿಲ್ವಿಯಾವನ್ನು ಅದೇ ಗಾತ್ರದ ಗೋಳವೆಂದು ಭಾವಿಸಿ ಅದರ ವ್ಯಾಸ 286 ಕಿಲೋಮೀಟರ್ ಎಂದಿಟ್ಟುಕೊಂಡರೆ ಗಾತ್ರ ಸುಮಾರು 1.22 ಕೋಟಿ ಘನ ಕಿಲೋಮೀಟರ್, ಸಾಂದ್ರತೆ 1.2. ವ್ಯಾಸ 271 ಕಿಲೋಮೀಟರ್ ಎಂದಿಟ್ಟುಕೊಂಡರೆ ಗಾತ್ರ 1.04 ಕೋಟಿ ಘನ ಕಿಲೋಮೀಟರ್, ಸಾಂದ್ರತೆ 1.4. ವ್ಯಾಸದಲ್ಲಿ ಬರೀ 15 ಕಿಲೋಮೀಟರ್ ಹೆಚ್ಚುಕಡಿಮೆಯಾದರೂ, ಅದನ್ನು ಘನ ಮಾಡುವುದರಿಂದ ಗಾತ್ರದಲ್ಲಿ ನೂರಕ್ಕೆ 17ರಷ್ಟು ವ್ಯತ್ಯಾಸ ಬಂದುಬಿಡುತ್ತದೆ. ದ್ರವ್ಯರಾಶಿ ಮೊದಲಿನಿಂದಲೂ ಹೆಚ್ಚುಕಡಿಮೆ ಅದೇ ಇತ್ತು. 2021ರಲ್ಲಿ ಪ್ರಕಟವಾದ ಅಧ್ಯಯನವು ಅದೇ ಯುರೋಪಿನ ಬೃಹತ್ ದೂರದರ್ಶಕದ ಸ್ಫಿಯರ್ ಎಂಬ ಉಪಕರಣದ ಸ್ಪಷ್ಟ ಚಿತ್ರಗಳಿಂದ ಆಕಾರವನ್ನು ಕಟ್ಟಿ ವ್ಯಾಸವನ್ನು 271, ಸಾಂದ್ರತೆಯನ್ನು 1.38 ಎಂದು ಲೆಕ್ಕ ಹಾಕಿದೆ. ಮಕ್ಕಳಿಗೆ ‘ಸುಮಾರು 1.4’ ಎಂದು ಹೇಳಿ. ಸಿಂಹಗಡದ ಕಪ್ಪು ಬಸಾಲ್ಟ್ ಕಲ್ಲಿನ ಸಾಂದ್ರತೆ 3ರ ಆಸುಪಾಸಿನಲ್ಲಿದೆ ಎಂದೂ ಸೇರಿಸಿ. ಅದರ ಅರ್ಧದಷ್ಟೂ ಇಲ್ಲದ ಕಾಯವು ಇಡಿಯಾದ ಬಂಡೆಯಾಗಿರಲು ಸಾಧ್ಯವಿಲ್ಲ ಎಂಬುದು ಅವರಿಗೇ ಹೊಳೆಯುತ್ತದೆ.

ಕರ್ವೆ ರಸ್ತೆ ಕನ್ನಡಿಗ (ಪುಣೆ)

ಎಲ್ಲರಿಗೂ ಧನ್ಯವಾದಗಳು. ಲೆಕ್ಕವನ್ನು ನಾನೇ ಮಾಡಿ ನೋಡಿದೆ, ಸರಿಯಾಗಿ ಬಂತು. ಮಗಳು ಪಕ್ಕದಲ್ಲಿ ಕೂತು ರೀಮಸ್‌ಗೂ ಮಾಡೋಣ ಎಂದು ಹಟ ಹಿಡಿದಿದ್ದಾಳೆ. ಒಂದು ಮುಂದುವರಿದ ಪ್ರಶ್ನೆ. ಹಾಗಾದರೆ ಸಿಲ್ವಿಯಾವನ್ನು ಲಾರಿಯಿಂದ ಸುರಿದ ಜಲ್ಲಿಯ ರಾಶಿಯಂತೆ, ಕಲ್ಲಿನ ಚೂರುಗಳು ಮತ್ತು ನಡುವಿನ ಖಾಲಿ ಸಂದುಗಳ ಗುಡ್ಡೆ ಎಂದು ವರ್ಣಿಸಬಹುದೆ? ಹಳೆಯ ಲೇಖನಗಳಲ್ಲಿ ಹಾಗೆಯೇ ಇದೆ. ಅಷ್ಟು ಸಡಿಲವಾದ ರಾಶಿ ಐದು ಗಂಟೆಗೊಮ್ಮೆ ತಿರುಗಿದರೆ ಚೆದುರಿ ಹೋಗುವುದಿಲ್ಲವೆ?

ಪಾಷಾಣ್ ನಿವಾಸಿ (ಪುಣೆ) – ಉತ್ತರ

ಚೆದುರುವುದಿಲ್ಲ. ಮೇಲಿನ ಸಂಖ್ಯೆಗಳನ್ನೇ ಇಟ್ಟುಕೊಂಡು ನೋಡಿದರೆ ಸಿಲ್ವಿಯಾದ ಮೇಲ್ಮೈಯ ಸರಾಸರಿ ಗುರುತ್ವ ಭೂಮಿಯದರ ಇನ್ನೂರನೇ ಒಂದು ಪಾಲಿನ ಆಸುಪಾಸಿನಲ್ಲಿದೆ. ಅಲ್ಲಿಂದ ಶಾಶ್ವತವಾಗಿ ತಪ್ಪಿಸಿಕೊಳ್ಳಲು ಸೆಕೆಂಡಿಗೆ ಸುಮಾರು 120 ಮೀಟರ್, ಅಂದರೆ ಗಂಟೆಗೆ 430 ಕಿಲೋಮೀಟರ್ ವೇಗ ಬೇಕು. ಉದ್ದನೆಯ ತುದಿಗಳಲ್ಲಿ ತಿರುಗುವಿಕೆಯು ತೂಕದ ದೊಡ್ಡ ಪಾಲನ್ನೇ ಕಳೆಯುತ್ತದೆ ನಿಜ, ಆದರೂ ಸೆಳೆತವೇ ಮೇಲುಗೈ. ಅಲ್ಲಿ ಕಲ್ಲು ಬಿದ್ದರೆ ನಿಧಾನವಾಗಿ ಬೀಳುತ್ತದೆ, ಆದರೆ ಬೀಳುತ್ತದೆ.

ಜಲ್ಲಿರಾಶಿಯ ವರ್ಣನೆಯನ್ನು ಮಾತ್ರ ನಾನು ಒಪ್ಪುವುದಿಲ್ಲ, ಅಥವಾ ಅರ್ಧದಷ್ಟೇ ಒಪ್ಪುತ್ತೇನೆ. 2005ರಲ್ಲಿ ಆ ತೀರ್ಮಾನ ಸಹಜವಾಗಿತ್ತು. ಒಂದು ದೊಡ್ಡ ಡಿಕ್ಕಿಯಲ್ಲಿ ಮೂಲ ಕಾಯ ನುಚ್ಚುನೂರಾಗಿ, ಚೂರುಗಳು ಮತ್ತೆ ಒಟ್ಟುಗೂಡಿದವು, ಒಂದೆರಡು ಚೂರು ಉಪಗ್ರಹಗಳಾಗಿ ಉಳಿದವು ಎಂಬ ಚಿತ್ರವದು. ಡಿಕ್ಕಿ ನಡೆದಿತ್ತು ಎನ್ನಲು ಬೇರೆ ಆಧಾರವೂ ಇದೆ. ಸಿಲ್ವಿಯಾದಂಥದೇ ಕಕ್ಷೆಗಳಲ್ಲಿ ಸುತ್ತುವ ಚಿಕ್ಕ ಕ್ಷುದ್ರಗ್ರಹಗಳ ಒಂದು ಕುಟುಂಬವೇ ಗುರುತಾಗಿದೆ.

ಆದರೆ ಔಂಧಿನವರು ಹೇಳಿದ 2021ರ ಅಧ್ಯಯನದ ಮುಖ್ಯ ಫಲಿತಾಂಶ ಸಾಂದ್ರತೆಯಲ್ಲ. ಸಿಲ್ವಿಯಾ ಗುಂಡಗಿಲ್ಲ: ಉದ್ದವು ಅಗಲದ 1.45 ಪಟ್ಟು, ದಪ್ಪದ 1.84 ಪಟ್ಟು ಇದೆ. ಇಂಥ ಚಪ್ಪಟೆ ಕಾಯದೊಳಗೆ ವಸ್ತುವು ಎಲ್ಲೆಡೆ ಸಮನಾಗಿ ಹರಡಿದ್ದರೆ, ಅದರ ಸೆಳೆತವೂ ಸಮನಾಗಿರುವುದಿಲ್ಲ, ಅದರ ಪರಿಣಾಮವಾಗಿ ಉಪಗ್ರಹಗಳ ಕಕ್ಷೆಯ ಪಾತಳಿ ಕಾಲಕ್ರಮೇಣ ನಿಧಾನವಾಗಿ ಹೊರಳಬೇಕು. ಆ ಹೊರಳುವಿಕೆ ಅಳತೆಗೆ ಸಿಗುವಷ್ಟು ದೊಡ್ಡದಾಗಿರಬೇಕಿತ್ತು. ಹಳೆಯ ಚಿತ್ರಗಳನ್ನೂ ಹೊಸ ಚಿತ್ರಗಳನ್ನೂ ಜೋಡಿಸಿ ನೋಡಿದಾಗ ಅದು ಸಿಗಲೇ ಇಲ್ಲ. ಎರಡೂ ಉಪಗ್ರಹಗಳು ತಮ್ಮ ಮಧ್ಯದಲ್ಲಿ ಚಪ್ಪಟೆ ಕಾಯವಿದೆ ಎಂಬುದರ ಪರಿವೆಯೇ ಇಲ್ಲದಂತೆ, ಒಂದು ಬಿಂದುವನ್ನು ಸುತ್ತುವಂತೆ ಸರಳ ಕೆಪ್ಲರ್ ಕಕ್ಷೆಗಳಲ್ಲಿ ಸಾಗುತ್ತಿವೆ. ಹೀಗಾಗಬೇಕಾದರೆ ದ್ರವ್ಯರಾಶಿಯ ಹೆಚ್ಚಿನ ಪಾಲು ನಡುವಿನಲ್ಲಿ ಕೂಡಿಕೊಂಡಿರಬೇಕು, ಹೊರಗೆ ಕಾಣುವ ಉದ್ದನೆಯ ಆಕಾರವು ಬಹುಪಾಲು ಹಗುರ ವಸ್ತುವಿನಿಂದಾಗಿರಬೇಕು.

ಅದಕ್ಕೆ ಅವರು ಕೊಡುವ ವಿವರಣೆ ಹೀಗಿದೆ. ಸಿಲ್ವಿಯಾ ಪಿ ಬಗೆ ಎಂದು ಕರೆಯುವ ಕಪ್ಪು ಕ್ಷುದ್ರಗ್ರಹಗಳಲ್ಲೊಂದು. ಇಂಥವು ಸೂರ್ಯನಿಂದ ಬಹಳ ದೂರ, ನೆಪ್ಚೂನಿನ ಕಕ್ಷೆಗೂ ಆಚೆ, ಮಂಜು ಮತ್ತು ಧೂಳಿನಿಂದ ರೂಪುಗೊಂಡು, ದೊಡ್ಡ ಗ್ರಹಗಳು ಜಾಗ ಬದಲಿಸಿದ ಕಾಲದಲ್ಲಿ ಒಳಗೆ ತಳ್ಳಲ್ಪಟ್ಟಿರಬಹುದೆಂದು ಸೌರವ್ಯೂಹದ ವಿಕಾಸದ ಮಾದರಿಗಳು ಸೂಚಿಸುತ್ತವೆ. ಸಿಲ್ವಿಯಾದಷ್ಟು ದೊಡ್ಡ ಕಾಯದಲ್ಲಿ ದೀರ್ಘಾಯುಷಿ ವಿಕಿರಣಶೀಲ ಧಾತುಗಳ ಶಾಖ ಸುಲಭವಾಗಿ ಹೊರಗೆ ಹೋಗುವುದಿಲ್ಲ. ಒಳಗಿನ ಮಂಜು ಕರಗಿ, ನೀರು ಜಿನುಗಿ, ವಸ್ತು ಮರುಹಂಚಿಕೆಯಾಗುತ್ತದೆ. ನೀರು ತಾಗಿ ಬದಲಾದ ದಟ್ಟ ತಿರುಳು ನಡುವೆ ಉಳಿಯುತ್ತದೆ, ತಣ್ಣಗಿದ್ದ ಹೊರಪದರ ಮೂಲದ ಸಡಿಲ ಧೂಳಾಗಿಯೇ ಉಳಿಯುತ್ತದೆ. ಸರಾಸರಿ ಸಾಂದ್ರತೆ ಕಡಿಮೆಯಾಗಿದ್ದೂ ನಡುವು ಗಟ್ಟಿಯಾಗಿರಲು ಸಾಧ್ಯವಾಗುವುದು ಹೀಗೆ. ಎಲ್ಲವೂ ಒಂದೇ ತೆರನಾದ ಜಲ್ಲಿಯಾಗಿದ್ದರೆ ಉಪಗ್ರಹಗಳ ಈ ನಡವಳಿಕೆಗೆ ಅರ್ಥವೇ ಇರುವುದಿಲ್ಲ. ಆದ್ದರಿಂದ ಮಕ್ಕಳಿಗೆ ರಾಶಿಯ ಮಾತನ್ನು ಹೇಳಲೇಬೇಕೆಂದರೆ ಉಪಗ್ರಹಗಳಿಗೂ ಹೊರಪದರಕ್ಕೂ ಮೀಸಲಿಡಿ.

ಮಾಟುಂಗಾ ಮೇಷ್ಟ್ರು (ಮುಂಬೈ)

ಇದು ಚೆನ್ನಾಗಿದೆ. ಉಪಗ್ರಹವನ್ನು ನೋಡಿ ತೂಕ ತಿಳಿಯುವುದು ನಮ್ಮ ಕಾಲದ ಪಠ್ಯದಲ್ಲೂ ಇತ್ತು. ಗುರು ಗ್ರಹದ ತೂಕವನ್ನು ತಿಳಿದದ್ದು ಹಾಗೆಯೇ. ಉಪಗ್ರಹವು ಏನನ್ನು ಮಾಡಲಿಲ್ಲ ಎಂಬುದರಿಂದ ಒಡಲಿನ ರಚನೆಯನ್ನು ತಿಳಿಯುವುದು ನನಗೆ ಹೊಸದು. ಕನ್ನಡಿಗರೇ, ನಿಮ್ಮ ಉಪನ್ಯಾಸದಲ್ಲಿ ಪೋಗ್ಸನ್ ಕತೆಯನ್ನು ಹತ್ತು ನಿಮಿಷಕ್ಕೆ ಮುಗಿಸಿ, ಉಳಿದ ಹೊತ್ತನ್ನು ಇದಕ್ಕೆ ಕೊಡಿ. ನಾನೇ ಹೇಳುತ್ತಿದ್ದೇನೆ ಎಂದರೆ ಅದರ ಅರ್ಥ ನಿಮಗೆ ತಿಳಿಯುತ್ತದೆ.

ಪಣಜಿಯ ಓದುಗ (ಗೋವಾ)

ಒಂದು ಸೇರ್ಪಡೆ. ದೊಡ್ಡ ದೂರದರ್ಶಕಗಳಷ್ಟೇ ಈ ಕೆಲಸ ಮಾಡಿದ್ದಲ್ಲ. 2013ರ ಜನವರಿ 6ರಂದು ಸಿಲ್ವಿಯಾ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ಯುರೋಪಿನ ಹಲವಾರು ಹವ್ಯಾಸಿ ವೀಕ್ಷಕರು ತಂತಮ್ಮ ಊರುಗಳಿಂದ ನಕ್ಷತ್ರ ಮರೆಯಾದ ಕ್ಷಣವನ್ನೂ ಮತ್ತೆ ಕಾಣಿಸಿಕೊಂಡ ಕ್ಷಣವನ್ನೂ ದಾಖಲಿಸಿದರು. ಕೆಲವರಿಗೆ ನಕ್ಷತ್ರವನ್ನು ಮರೆಮಾಡಿದ್ದು ಸಿಲ್ವಿಯಾ ಅಲ್ಲ, ರೋಮ್ಯುಲಸ್. ಅದು ಉದ್ದುದ್ದನೆಯದು, ಮೊದಲು ಅಂದಾಜು ಮಾಡಿದ 18 ಕಿಲೋಮೀಟರಿಗಿಂತ ದೊಡ್ಡದು, ಇಪ್ಪತ್ತು ಕಿಲೋಮೀಟರ್ ಮೀರಿದ್ದು ಎಂದು ಆ ಅಳತೆಗಳಿಂದ ತಿಳಿಯಿತು. ಇಂಥ ಮರೆಯಾಗುವಿಕೆಯ ನೆರಳು ಪಶ್ಚಿಮ ಕರಾವಳಿಯ ಮೇಲೆ ಹಾದುಹೋಗುವ ದಿನ ಬಂದರೆ ಮುಂಬೈ, ಪುಣೆ, ಗೋವಾ ಮೂರೂ ಊರಿನವರು ಒಟ್ಟಿಗೆ ಕೆಲಸ ಮಾಡಬಹುದು. ಊರುಗಳು ಹರಡಿಕೊಂಡಿದ್ದಷ್ಟೂ ಆಕಾರ ಹೆಚ್ಚು ಸ್ಪಷ್ಟವಾಗುತ್ತದೆ. 1944ರಿಂದ ನಡೆದುಬಂದಿರುವ ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆಯವರನ್ನು ವಿಚಾರಿಸಿದರೆ ಇಂಥ ವೀಕ್ಷಣೆಯಲ್ಲಿ ಆಸಕ್ತಿಯಿರುವವರು ಸಿಗಬಹುದು. ಸಿಲ್ವಿಯಾ ಯಾವ ರಾತ್ರಿ ಎಲ್ಲಿರುತ್ತದೆ ಎಂಬುದನ್ನು ನಾಸಾದ ಜೆಪಿಎಲ್ ಹೊರೈಜನ್ಸ್ ಜಾಲತಾಣ ಲೆಕ್ಕ ಹಾಕಿ ಕೊಡುತ್ತದೆ. ಹುಡುಕುವಾಗ 87 ಎಂಬ ಸಂಖ್ಯೆಯ ನಂತರ ಅರ್ಧವಿರಾಮ ಚಿಹ್ನೆ (;) ಹಾಕಿ, ಸ್ಥಳವನ್ನು ಪುಣೆ ಎಂದು ಕೊಟ್ಟು, ಕಾಂತಿಮಾನ 12ರ ಸುತ್ತಮುತ್ತ ಇರುವ ತಿಂಗಳನ್ನು ಆರಿಸಿಕೊಳ್ಳಿ.